ಹೊಸ ಮನೆಯ ಗಾಳಿ ಪರೀಕ್ಷೆ ಮಾಡಿಸುವವರು ದಯವಿಟ್ಟು ಇದನ್ನು ಓದಿ

ಮನೆಗೆ ಇಂಟೀರಿಯರ್ ಮಾಡಿಸುತ್ತಿರುವವರು, ಕೆಲಸ ಮುಗಿಸಿ ಒಳಗೆ ಹೋಗಲು ದಿನ ಎಣಿಸುತ್ತಿರುವವರು ಇದನ್ನು ಪೂರ್ತಿ ಓದಿ. ನಮ್ಮ ಮನೆಗೆ "ಒಳಗಿನ ಗಾಳಿ ಉತ್ತಮವಾಗಿದೆ" ಅಂತ ಒಂದು ಸರ್ಟಿಫಿಕೇಟ್ ಇದೆ. ಆ ಕಾಗದ ನಂಬಿಕೊಂಡು ಐದು ತಿಂಗಳು ಮಗಳನ್ನು ಅದೇ ಕೋಣೆಯಲ್ಲಿ ಮಲಗಿಸಿದೆವು. ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಕೆಲಸ ವಹಿಸಿಕೊಂಡವರು "ಆರೋಗ್ಯಕರ ಮನೆ" ಅಂತ ಒಂದು ಪ್ಯಾಕೇಜ್ ಕೊಡುತ್ತಿದ್ದರು. ಘಾಟಿಲ್ಲದ ಪೇಂಟ್, ಕೊನೆಗೊಂದು ಗಾಳಿ ಪರೀಕ್ಷೆ, ಅದರ ಮೇಲೆ ಸರ್ಟಿಫಿಕೇಟ್. ಮನೆಯಲ್ಲಿ ಮಗು ಇದೆ ಅಂತಲೇ ನಾವು ಅದನ್ನು ಆರಿಸಿಕೊಂಡೆವು. ಪೇಂಟ್ ವಿಷಯದಲ್ಲಿ ಅವರು ಹೇಳಿದ್ದು ನಿಜ, ಅದರಲ್ಲಿ ತಕರಾರಿಲ್ಲ. ಆದರೆ ಮಗಳ ಕೋಣೆಯಲ್ಲಿದ್ದ ಎರಡು ಕಿಟಕಿಗಳಲ್ಲಿ ಒಂದು ವಾರ್ಡ್‌ರೋಬ್ ಹಿಂದೆ ಮುಚ್ಚಿಹೋಯಿತು. ಡ್ರಾಯಿಂಗ್‌ಗೆ ಸಹಿ ಹಾಕಿದ್ದು ನಾವೇ. ಎರಡು ಕಡೆ ಕಿಟಕಿ ಇದ್ದರೆ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತದೆ, ಒಂದನ್ನು ಮುಚ್ಚಿದರೆ ಉಳಿದದ್ದನ್ನು ಎಷ್ಟು ತೆರೆದಿಟ್ಟರೂ ಒಳಗಿನ ಮೂಲೆಯ ಗಾಳಿ ಅಲ್ಲೇ ನಿಂತಿರುತ್ತದೆ. ಇದು ಗೊತ್ತಿಲ್ಲದ ವಿಷಯವೇನಲ್ಲ. ಬಟ್ಟೆ ಇಡಲು ಜಾಗ ಸಿಗುತ್ತದಲ್ಲ ಅನ್ನುವ ಖುಷಿಯಲ್ಲಿ ಯಾರೂ ಯೋಚಿಸಲಿಲ್ಲ.

ಪರೀಕ್ಷೆಯ ದಿನ ನಾನು ಅಲ್ಲೇ ಇದ್ದೆ. ಕೆಲಸದವರು ಕಸ ಹೊರಗೆ ಸಾಗಿಸುತ್ತಿದ್ದರು. ಮುಂಬಾಗಿಲು, ಬಾಲ್ಕನಿ ಬಾಗಿಲು, ಕಿಟಕಿ ಎಲ್ಲವೂ ತೆರೆದಿದ್ದವು. ಬಂದವರು ಕೈಯಲ್ಲಿ ಹಿಡಿಯುವ ಒಂದು ಸಣ್ಣ ಮೀಟರ್ ತಂದಿದ್ದರು. ಹಾಲ್ ಮಧ್ಯೆ ಹತ್ತು ನಿಮಿಷ ನಿಂತರು, ಅಂಕಿಗಳ ಫೋಟೋ ತೆಗೆದುಕೊಂಡರು, ಹೋದರು. ಮಗಳ ಕೋಣೆಗೆ ಕಾಲೇ ಇಡಲಿಲ್ಲ. ಎರಡು ದಿನಕ್ಕೆ ಸರ್ಟಿಫಿಕೇಟ್ ಬಂತು. ಅಂದರೆ ಅವರು ಅಳೆದದ್ದು ಹೊರಗಿನ ಗಾಳಿಯನ್ನು, ನಾವು ಮಲಗುವುದು ಬಾಗಿಲು ಹಾಕಿದ ಕೋಣೆಯಲ್ಲಿ.

ಮೊದಲ ವಾರದಿಂದಲೇ ಆ ಕೋಣೆಯಲ್ಲಿ ಘಾಟು. ವಾರ್ಡ್‌ರೋಬ್ ಬಾಗಿಲು ತೆಗೆದರೆ ಕಣ್ಣು ಉರಿ, ಮೂಗಿನಲ್ಲಿ ನೀರು. ಫೋನ್ ಮಾಡಿದರೆ "ಹೊಸ ಮರದ ವಾಸನೆ, ಹೋಗುತ್ತೆ ಬಿಡಿ" ಅಂದರು. ಅದು ಮರದ ವಾಸನೆ ಅಲ್ಲವೇ ಅಲ್ಲ. ಮರದ ಚೂರು, ನಾರುಗಳನ್ನು ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಹಲಗೆಗಳನ್ನು, ಕೆಲವು ಪ್ಲೈವುಡ್‌ಗಳನ್ನು ಅಂಟಿಸುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ಹೊರಬರುತ್ತಲೇ ಇರುತ್ತದೆ. ಸೆಕೆ ಮತ್ತು ತೇವ ಹೆಚ್ಚಾದಷ್ಟೂ ಅದು ಜಾಸ್ತಿ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬರುತ್ತದೆ. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮನೆಯೊಳಗಿನ ಗಾಳಿಯಲ್ಲಿ ಯಾವುದೇ ಅರ್ಧ ಗಂಟೆಯ ಸರಾಸರಿ ಘನ ಮೀಟರಿಗೆ 0.1 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೇಳಿದೆ.

ಮಗಳಿಗೆ ರಾತ್ರಿ ಕೆಮ್ಮು ಶುರುವಾಯಿತು. ಅಜ್ಜಿ ಮನೆಗೆ ಹೋದರೆ ಎರಡು ದಿನದಲ್ಲಿ ಕಡಿಮೆ, ವಾಪಸ್ ಬಂದರೆ ಮತ್ತೆ ಶುರು. ಮನೆ ಬಿಟ್ಟಾಗ ಕಡಿಮೆಯಾಗಿ ಮನೆಗೆ ಬಂದಾಗ ಹೆಚ್ಚಾಗುವ ಕೆಮ್ಮು, ತಲೆನೋವು, ಕಣ್ಣುರಿ ಇದ್ದರೆ ದಯವಿಟ್ಟು ಮನೆಯನ್ನೂ ಅನುಮಾನಿಸಿ. ನಾವು ಬರೀ ಔಷಧಿ ಬದಲಾಯಿಸುತ್ತಾ ಕೂತೆವು.

ಮತ್ತೆ ಕೆಲಸ ವಹಿಸಿಕೊಂಡವರಿಗೇ ಹೇಳಿದೆವು. ಈ ಸಲ ಅದೇ ಮೀಟರಿನಲ್ಲಿ ಅಂಕಿ ಕೆಟ್ಟದಾಗಿ ಬಂತು, ಜೊತೆಗೆ ಒಂದು ಏರ್ ಪ್ಯೂರಿಫೈಯರ್ ಕೂಡ ಬಂತು, ಬಿಲ್ ಸಮೇತ. ಅಳೆಯುವವರೂ ಅವರೇ, ಯಂತ್ರ ಮಾರುವವರೂ ಅವರೇ. ಅಲ್ಲೇ ನಮಗೆ ಎಚ್ಚರವಾಗಬೇಕಿತ್ತು. ಅದರಲ್ಲಿದ್ದದ್ದು ಹೆಪಾ ಫಿಲ್ಟರ್. ಧೂಳು, ಹೊಗೆಯ ಕಣಗಳನ್ನು ಅದು ಚೆನ್ನಾಗಿ ಹಿಡಿಯುತ್ತದೆ, ಆದರೆ ಅನಿಲ ಅದರೊಳಗಿಂದ ನೇರವಾಗಿ ಹಾದುಹೋಗುತ್ತದೆ. ಸಾಮಾನ್ಯ ಇದ್ದಿಲಿನ ಫಿಲ್ಟರ್ ಕೂಡ ಫಾರ್ಮಾಲ್ಡಿಹೈಡನ್ನು ಅಷ್ಟಾಗಿ ಹಿಡಿಯುವುದಿಲ್ಲ. ಓಝೋನ್ ಬಿಡುವ ಯಂತ್ರ ಯಾರಾದರೂ ಕೊಟ್ಟರೆ ಬೇಡವೇ ಬೇಡ ಅನ್ನಿ. ಓಝೋನ್ ಶ್ವಾಸಕೋಶಕ್ಕೆ ಕೆಟ್ಟದ್ದು, ರೂಮ್ ಫ್ರೆಶ್ನರ್‌ನ ಸುಗಂಧದ ಜೊತೆ ಸೇರಿದರೆ ಅದೇ ಹೊಸದಾಗಿ ಫಾರ್ಮಾಲ್ಡಿಹೈಡ್ ಮಾಡುತ್ತದೆ. ಗಿಡ ಇಟ್ಟರೆ ಸಾಕು ಅನ್ನುವವರೂ ಇದ್ದಾರೆ. ಆ ಮಾತಿಗೆ ಆಧಾರವಾದ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಮನೆಯಲ್ಲಿ ಅಷ್ಟೇ ಪರಿಣಾಮ ಬೇಕಾದರೆ ಕಾಲಿಡಲು ಜಾಗವಿಲ್ಲದಷ್ಟು ಗಿಡ ತುಂಬಬೇಕು.

ಆ ಮೀಟರಿನ ಮಾತೂ ಹೇಳಿಬಿಡುತ್ತೇನೆ. ಅಂಥದ್ದೇ ಒಂದನ್ನು ನಾವೂ ತರಿಸಿದೆವು. ಒಂದು ದಿನ ಅದರ ಪಕ್ಕದಲ್ಲಿ ಕೈಗೆ ಸ್ಯಾನಿಟೈಸರ್ ಹಾಕಿಕೊಂಡೆ. ಕ್ಷಣದಲ್ಲಿ ಫಾರ್ಮಾಲ್ಡಿಹೈಡ್ ಅಂಕಿ ಸರಸರ ಏರಿ ಕೆಂಪಾಯಿತು, ಅರ್ಧ ಗಂಟೆ ಇಳಿಯಲೇ ಇಲ್ಲ. ಇಂಥ ಅಗ್ಗದ ಸೆನ್ಸರ್‌ಗಳಿಗೆ ಆಲ್ಕೋಹಾಲ್, ಸೆಂಟು, ಫಾರ್ಮಾಲ್ಡಿಹೈಡ್ ಬೇರೆ ಬೇರೆ ಅಂತ ಗೊತ್ತಾಗುವುದಿಲ್ಲ. ಅದರಲ್ಲಿ ಒಳ್ಳೆಯ ಅಂಕಿ ಬಂದರೂ, ಕೆಟ್ಟ ಅಂಕಿ ಬಂದರೂ ನಂಬಬೇಡಿ.

ಕೊನೆಗೆ ಏನನ್ನೂ ಮಾರದ, ಬರೀ ಪರೀಕ್ಷೆ ಮಾಡುವ ಒಬ್ಬರನ್ನು ಕರೆಸಿದೆವು. ಅವರು ಮೊದಲು ಕೇಳಿದ್ದೇ "ರಾತ್ರಿ ಹೇಗೆ ಮಲಗುತ್ತೀರಿ?" ಅಂತ. ಕೋಣೆಯನ್ನು ಒಮ್ಮೆ ಚೆನ್ನಾಗಿ ಗಾಳಿಯಾಡಿಸಿ, ಆಮೇಲೆ ಬಾಗಿಲು ಕಿಟಕಿ ಹಾಕಿ ರಾತ್ರಿಯಿಡೀ, ಕಡಿಮೆ ಅಂದರೂ 8 ಗಂಟೆ ಬಿಡಲು ಹೇಳಿದರು. ಬೆಳಗ್ಗೆ ಮಗಳ ಹಾಸಿಗೆಯ ಹತ್ತಿರ, ಅವಳ ತಲೆಯ ಎತ್ತರದಲ್ಲಿ, ಒಂದು ಸಣ್ಣ ಪಂಪ್‌ನಿಂದ ಟ್ಯೂಬ್ ಒಳಗೆ ಗಾಳಿ ಎಳೆದು ಲ್ಯಾಬ್‌ಗೆ ಕಳಿಸಿದರು. ಫಾರ್ಮಾಲ್ಡಿಹೈಡ್ ಫಲಿತಾಂಶ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಆ 0.1ರ ಎರಡೂವರೆ ಪಟ್ಟು. ನಮ್ಮ ಮಲಗುವ ಕೋಣೆಯಲ್ಲಿ ಬೆಳಗಿನ ಹೊತ್ತಿಗೆ ಇಂಗಾಲದ ಡೈಆಕ್ಸೈಡ್ 2,600 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅಷ್ಟು ಭಾಗ) ಇತ್ತು. ಹೊರಗಿನ ಗಾಳಿಯಲ್ಲಿ ಅದು ಸುಮಾರು 420. ಒಳಗೆ 1,000 ದಾಟಿದರೆ ಗಾಳಿ ಸಾಲುತ್ತಿಲ್ಲ ಅಂತ ಲೆಕ್ಕ. ಎಸಿ ಹಾಕಿದ್ದೆವಲ್ಲ ಅಂದೆ. ಮನೆಯ ಸಾಮಾನ್ಯ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಸುತ್ತಿಸುತ್ತದೆ, ಹೊಸ ಗಾಳಿ ತರುವುದಿಲ್ಲ ಅಂದರು.

ಆಮೇಲೆ ಅವರು ಬಚ್ಚಲುಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ, ಅದರ ಗಾಳಿ ಹೊರಗೆ ಎಲ್ಲಿ ಬರುತ್ತದೆ ತೋರಿಸಿ ಅಂದರು. ಹೊರಗಿನ ಗೋಡೆಯಲ್ಲಿ ತೂತೇ ಇರಲಿಲ್ಲ. ಫಾಲ್ಸ್ ಸೀಲಿಂಗ್‌ನ ಒಂದು ಲೈಟ್ ಬಿಚ್ಚಿ ಟಾರ್ಚ್ ಬಿಟ್ಟರೆ, ಫ್ಯಾನ್‌ಗೆ ಪೈಪೇ ಇಲ್ಲ! ಐದು ತಿಂಗಳ ಸ್ನಾನದ ಹಬೆಯೆಲ್ಲಾ ಸೀಲಿಂಗ್ ಒಳಗೇ ಹೋಗಿದೆ. ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಜಿಪ್ಸಮ್ ಬೋರ್ಡಿನ ಮೇಲಿನ ಕಾಗದದ ತುಂಬ ಕಪ್ಪು ಚುಕ್ಕಿಗಳು, ಬೆರಳಿಟ್ಟರೆ ಮಸಿಯ ಹಾಗೆ ಅಂಟುವ ಬೂಷ್ಟು. ಬಚ್ಚಲುಮನೆಯ ಪಕ್ಕದ ಗೋಡೆಯ ಆಚೆಗೆ ಮಗಳ ವಾರ್ಡ್‌ರೋಬ್. ಅದನ್ನು ಸರಿಸಿದಾಗ ಹಿಂದೆಯೂ ಅದೇ ಬೂಷ್ಟು, ಮುಗ್ಗಲು ವಾಸನೆ. ಬೋರ್ಡಿನ ಹಿಂಬದಿಗೆ ಲ್ಯಾಮಿನೇಟ್ ಇರಲಿಲ್ಲ, ಕತ್ತರಿಸಿದ ಅಂಚುಗಳಿಗೆ ಅವನ್ನು ಮುಚ್ಚುವ ಪಟ್ಟಿ, ಎಡ್ಜ್ ಬ್ಯಾಂಡ್, ಇರಲಿಲ್ಲ. ಕಣ್ಣಿಗೆ ಕಾಣುವ ಮುಂಭಾಗ ಮಾತ್ರ ಫಳಫಳ. ಅನಿಲ ಜಾಸ್ತಿ ಬರುವುದು ಮುಚ್ಚದ ಅಂಚುಗಳಿಂದಲೇ, ಅದರ ಮೇಲೆ ಈ ತೇವ ಬೇರೆ.

ವಾರ್ಡ್‌ರೋಬ್ ತೆಗೆಸಿ ಕಿಟಕಿಯನ್ನು ಮತ್ತೆ ಬಿಡಿಸಿದೆವು. ಫ್ಯಾನ್‌ಗೆ ಗೋಡೆಯ ಹೊರಗಿನವರೆಗೆ ಪೈಪ್ ಹಾಕಿಸಿದೆವು, ಬೂಷ್ಟು ಹಿಡಿದ ಬೋರ್ಡ್ ಬದಲಾಯಿಸಿದೆವು. ಬಚ್ಚಲುಮನೆಯ ಬಾಗಿಲಿನ ಕೆಳಗೆ ಬೆರಳಿನಷ್ಟು ಸಂದು ಬಿಡಿಸಿದೆವು, ಒಳಗೆ ಗಾಳಿ ಬಾರದೆ ಫ್ಯಾನ್ ಹೊರಗೆ ಎಳೆಯುವುದಾದರೂ ಏನನ್ನು? ಮಗಳ ಕೆಮ್ಮು ಮೂರು ವಾರದಲ್ಲಿ ನಿಂತಿತು.

ನೀವು ಪರೀಕ್ಷೆ ಮಾಡಿಸುವಾಗ ಯಾವ ಕೋಣೆ, ಎಷ್ಟು ಗಂಟೆ ಮುಚ್ಚಿಟ್ಟಿದ್ದು, ಯಾವ ಉಪಕರಣ, ಅದು ಸರಿಯಾಗಿ ಅಳೆಯುತ್ತದೆಯೇ ಅಂತ ಕೊನೆಯ ಸಲ ತಾಳೆ ನೋಡಿ ಸರಿಪಡಿಸಿದ್ದು (ಕ್ಯಾಲಿಬ್ರೇಟ್ ಮಾಡಿದ್ದು) ಯಾವಾಗ, ಇಷ್ಟನ್ನೂ ರಿಪೋರ್ಟಿನಲ್ಲಿ ಬರೆಸಿಕೊಳ್ಳಿ. ಬರೆಯಲು ಒಪ್ಪದವರನ್ನು ವಾಪಸ್ ಕಳಿಸಿ. ಬೋರ್ಡ್ ಆರಿಸುವಾಗಲೇ ಎಷ್ಟು ಫಾರ್ಮಾಲ್ಡಿಹೈಡ್ ಬಿಡುವ ದರ್ಜೆ ಅಂತ ಕೇಳಿ, ಬೋರ್ಡಿನ ಮೇಲಿನ ಮುದ್ರೆ ನೋಡಿ. ಕೊನೆಯ ಕಂತಿನ ಹಣ ಕೊಡುವ ಮೊದಲು ಒಂದು ಲೈಟ್ ಬಿಚ್ಚಿಸಿ ಸೀಲಿಂಗ್ ಒಳಗೆ ನೀವೇ ಟಾರ್ಚ್ ಬಿಟ್ಟು ನೋಡಿ, ಸುಮ್ನೆ ಅವರ ಮಾತು ಕೇಳಬೇಡಿ.

ನಮ್ಮ ಅಡುಗೆಮನೆಯ ಕೆಳಗಿನ ಕಪಾಟುಗಳು ಇನ್ನೂ ಅದೇ ಬೋರ್ಡಿನವು. ಸದ್ಯಕ್ಕೆ ತೆರೆದಿದ್ದ ಅಂಚುಗಳನ್ನೆಲ್ಲಾ ಮುಚ್ಚಿಸಿದ್ದೇವೆ, ಮುಂದಿನ ತಿಂಗಳು ತೆಗೆಸುತ್ತೇವೆ. ಆಮೇಲೆ ಇನ್ನೊಮ್ಮೆ ರಾತ್ರಿಯಿಡೀ ಮುಚ್ಚಿಟ್ಟು ಅಳೆಸಿ, ಬಂದ ಅಂಕಿಯನ್ನು ಇಲ್ಲೇ ಬರೆಯುತ್ತೇನೆ.