ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸುವ ಮುನ್ನ ನೋಟ್‌ಪ್ಯಾಡ್ ತೆರೆದು ಎಂಟರ್ ಒತ್ತಿ ನೋಡಿ

ಭಾವನ ಹೋಲ್‌ಸೇಲ್ ಅಂಗಡಿಗೆ ಹಾಕಿಸಿದ ಬಿಲ್ಲಿಂಗ್ ಸಾಫ್ಟ್‌ವೇರಿನ ಕಥೆ ಇದು. ಹೆಸರು ಬೇಡ, ಇಂಥವು ಊರೂರಲ್ಲಿವೆ.

ಬಿಲ್ ಹೊಡೆಯುವವರಿಗೆ ಎಂಟರ್ ಒತ್ತಿದರೆ ಮುಂದಿನ ಖಾನೆಗೆ ಹೋಗಬೇಕು. ಕೌಂಟರಿನಲ್ಲಿ ಮೌಸ್ ಹಿಡಿಯಲು ಪುರುಸೊತ್ತು ಯಾರಿಗಿದೆ? ಬೇಡಿಕೆ ಸರಿಯಾದದ್ದೇ, ತಮ್ಮ ವಿಂಡೋದೊಳಗೆ ನಾಲ್ಕು ಸಾಲು ಕೋಡ್ ಬರೆದರೆ ಮುಗಿಯುವಂಥದ್ದು. ಈ ಮಹಾನುಭಾವರು ಇಡೀ ವಿಂಡೋಸ್‌ಗೇ ಲೋ-ಲೆವೆಲ್ ಕೀಬೋರ್ಡ್ ಹುಕ್, ಅಂದರೆ ಒತ್ತಿದ ಕೀಗಳನ್ನೆಲ್ಲ ದಾರಿಯಲ್ಲೇ ಹಿಡಿಯುವ ಕೊಕ್ಕೆ, ಹಾಕಿದ್ದರು. ನೋಟ್‌ಪ್ಯಾಡ್‌ನಲ್ಲೂ ಎಂಟರ್ ಎಂದರೆ ಟ್ಯಾಬ್, ಬ್ರೌಸರಿನಲ್ಲೂ ಟ್ಯಾಬ್.

ಅಷ್ಟಾಗಿದ್ದರೆ ಬರೀ ಕಿರಿಕಿರಿ. ಹುಕ್ ಇದ್ದರೆ ಒತ್ತಿದ ಪ್ರತಿ ಕೀಯೂ ಮೊದಲು ಆ ಪ್ರೋಗ್ರಾಮಿಗೆ ಹೋಗಿ ಬರಬೇಕು. ಅದು ಪ್ರಿಂಟ್ ಕಳಿಸುವುದರಲ್ಲಿ ಮುಳುಗಿದ್ದರೆ ಕೀಬೋರ್ಡೇ ತಡವರಿಸುತ್ತದೆ. ಗಡುವಿನೊಳಗೆ ಉತ್ತರ ಬಾರದಿದ್ದರೆ, ವಿಂಡೋಸ್ 7ರಿಂದ ಈಚೆಗೆ, ಹುಕ್ಕನ್ನು ಹೇಳದೆ ಕೇಳದೆ ಕಿತ್ತುಹಾಕುವುದುಂಟು. ಪ್ರೋಗ್ರಾಮಿಗೂ ಸುದ್ದಿ ಇರುವುದಿಲ್ಲ. ವಿಂಡೋಸ್ 10ರ 1709 ಆವೃತ್ತಿಯಿಂದ ಆ ಗಡುವು ಹೆಚ್ಚೆಂದರೆ 1 ಸೆಕೆಂಡ್. ಉದ್ದನೆಯ ಬಿಲ್ ಪ್ರಿಂಟ್ ಆದಾಗಲೆಲ್ಲ ಇದೇ ಆಗುತ್ತಿತ್ತು. ಎಂಟರ್ ಮತ್ತೆ ಎಂಟರೇ ಆಯಿತು. ಕೌಂಟರಿನ ಹುಡುಗ ರೇಟು ಹಾಕಿ ಅಭ್ಯಾಸದಂತೆ ಒತ್ತಿದ. ಆ ಪರದೆಯ ಡಿಫಾಲ್ಟ್ ಬಟನ್, ಅಂದರೆ ಎಂಟರ್ ಒತ್ತಿದರೆ ಒತ್ತಿದಂತಾಗುವ ಬಟನ್, 'ಸೇವ್'. ಕ್ವಾಂಟಿಟಿ ಖಾಲಿ, ಬಿಲ್ ನಂಬರ್ ಮಾತ್ರ ಬಿದ್ದೇಬಿಟ್ಟಿತು. ಬೈಸಿಕೊಂಡವನು ಪಾಪ ಹುಡುಗ. ಪ್ರಿಂಟ್ ಮುಗಿದೊಡನೆ ನೋಟ್‌ಪ್ಯಾಡ್‌ನಲ್ಲಿ ಎಂಟರ್ ನೆಟ್ಟಗಾಗುವುದು, ಪ್ರೋಗ್ರಾಮ್ ಮುಚ್ಚಿ ತೆರೆದರೆ ಮತ್ತೆ ಟ್ಯಾಬ್ ಆಗುವುದು ಕಂಡ ಮೇಲೆಯೇ ಕಾರಣ ತಿಳಿದದ್ದು. ಕಂಪನಿಗೆ ಫೋನ್ ಮಾಡಿದರೆ, "ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿ ಸಾರ್" ಎಂದರು.

ಅನ್‌ಇನ್‌ಸ್ಟಾಲ್ ಮಾಡಿದ ಮೇಲೂ ಕ್ಯಾಪ್ಸ್ ಲಾಕ್ ಸತ್ತೇ ಇತ್ತು, ಲಾಗಿನ್ ಪರದೆಯಲ್ಲೂ. ಹಾಕುವಾಗ ಅದರ ಸೆಟಪ್ಪು ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ರಿಜಿಸ್ಟ್ರಿಯೊಳಗೆ 'ಸ್ಕ್ಯಾನ್‌ಕೋಡ್ ಮ್ಯಾಪ್', ಅಂದರೆ ಯಾವ ಕೀ ಏನಾಗಬೇಕೆಂಬ ಪಟ್ಟಿ, ಬರೆದುಹೋಗಿತ್ತು: 00 00 3ಎ 00. 3ಎ ಎಂದರೆ ಕ್ಯಾಪ್ಸ್ ಲಾಕ್, ಅದರ ಹಿಂದಿನ ಸೊನ್ನೆಗಳೆಂದರೆ ಆ ಕೀ ಕೆಲಸ ಮಾಡದಿರಲಿ ಎಂದು. ನಿಮಗೂ ಹೀಗಾದರೆ ರಿಜಿಸ್ಟ್ರಿಯ ಎಚ್‌ಕೆಎಲ್‌ಎಂ (HKEY_LOCAL_MACHINE) ವಿಭಾಗದಲ್ಲಿ ಸಿಸ್ಟಮ್, ಕರೆಂಟ್‌ಕಂಟ್ರೋಲ್‌ಸೆಟ್, ಕಂಟ್ರೋಲ್ ದಾಟಿ 'ಕೀಬೋರ್ಡ್ ಲೇಔಟ್'ನಲ್ಲಿ ಹುಡುಕಿ, ಆ ಒಂದು ವ್ಯಾಲ್ಯೂ ಅಳಿಸಿ ರೀಸ್ಟಾರ್ಟ್ ಮಾಡಿ. ಪಕ್ಕದಲ್ಲೇ 'ಕೀಬೋರ್ಡ್ ಲೇಔಟ್ಸ್' ಎಂದು ಇನ್ನೊಂದಿದೆ, ಅದಕ್ಕೆ ಕೈ ಹಾಕಬೇಡಿ.

ಇನ್ನೊಂದು ಮಾತು. ಇಂಥ ಹುಕ್ಕಿಗೆ ನೀವು ಬ್ರೌಸರಿನಲ್ಲಿ ಹೊಡೆಯುವ ಬ್ಯಾಂಕ್ ಪಾಸ್‌ವರ್ಡೂ ಅಕ್ಷರ ಅಕ್ಷರವಾಗಿ ಕಾಣುತ್ತದೆ. ಹಾಗಾಗಿ ಡೆಮೊ ತೋರಿಸಲು ಬಂದವರ ಎದುರೇ ನೋಟ್‌ಪ್ಯಾಡ್ ತೆರೆದು ಎಂಟರ್ ಒತ್ತಿ. ಕರ್ಸರ್ ಕೆಳಗಿಳಿಯದೆ ಬಲಕ್ಕೆ ಜಿಗಿದರೆ ಟೀ ಕೊಟ್ಟು ಕಳಿಸಿ.