‘ಕಬನಿ’ ನೋಡ್ಲಾ, ‘ಪಿರವಿ’ ನೋಡ್ಲಾ?

ತುರ್ತು ಪರಿಸ್ಥಿತಿಯ ಬಗ್ಗೆ ಒಂದೇ ಮಲಯಾಳಂ ಸಿನಿಮಾ ನೋಡೋಕೆ ಟೈಮ್ ಇದ್ರೆ, ಆಯ್ಕೆ ಈ ಎರಡರ ನಡುವೆ.

ಪಿ. ಎ. ಬಕ್ಕರ್ ಅವರ ‘ಕಬನಿ ನದಿ ಚುವನ್ನಪ್ಪೋಳ್’, ಅಂದ್ರೆ ಕಬಿನಿ ಕೆಂಪಾದಾಗ, ಆ ಕತ್ತಲ ದಿನಗಳಲ್ಲೇ ತಯಾರಾಗಿದ್ದು. ಹೌದು, ವಯನಾಡಿನಿಂದ ನಮ್ಮ ಎಚ್.ಡಿ. ಕೋಟೆ ಕಡೆ ಹರಿದು ಬರುವ ಅದೇ ಕಬಿನಿ. ನಕ್ಸಲೈಟ್ ಯುವಕನೊಬ್ಬ ಹಳೆಯ ಪ್ರೇಯಸಿಯ ಮನೆಗೆ ಬಂದು ಅಡಗುತ್ತಾನೆ. ಕೊನೆಗೆ ಪೊಲೀಸರ ಗುಂಡಿಗೆ ಬಲಿಯಾಗುತ್ತಾನೆ. ಸೆನ್ಸಾರ್ ಕತ್ತರಿ ಆಡಿದ ಚಿತ್ರ ಇದು. ಹಾಗಾಗಿ ಕಥೆ ಅಲ್ಲಲ್ಲಿ ಎಗರಿದಂತೆ ಅನಿಸಿದರೆ ಬೇಜಾರಾಗಬೇಡಿ. ಕಪ್ಪು-ಬಿಳುಪು, ಕಡಿಮೆ ಬಜೆಟ್, ಒರಟು ಕೆಲಸ. ಆದರೆ ಅಂಥ ಹೊತ್ತಲ್ಲಿ ನಕ್ಸಲೈಟನ್ನೇ ನಾಯಕ ಮಾಡೋ ಧೈರ್ಯ ಯಾರಿಗಿತ್ತು?

ಶಾಜಿ ಎನ್. ಕರುಣ್ ಅವರ ‘ಪಿರವಿ’ ಬಂದಿದ್ದು ಸುಮಾರು ಹನ್ನೆರಡು ವರ್ಷದ ನಂತರ. 1976ರಲ್ಲಿ ಪೊಲೀಸರು ಹಿಡಿದೊಯ್ದ ಕ್ಯಾಲಿಕಟ್ ಇಂಜಿನಿಯರಿಂಗ್ ವಿದ್ಯಾರ್ಥಿ ರಾಜನ್ ವಾಪಸ್ ಬರಲೇ ಇಲ್ಲ. ಚಿತ್ರದ ಹಿಂದಿರುವುದು ಆ ನೆನಪು. ಇಲ್ಲಿ ಹೋರಾಟವಿಲ್ಲ, ಗುಂಡಿಲ್ಲ. ಮುದುಕ ಅಪ್ಪ ದಿನಾ ಹೋಗಿ ಬಸ್ಸಿಗೆ ಕಾಯುತ್ತಾನೆ, ಮಳೆ ಸುರಿಯುತ್ತದೆ, ಮಗ ಇಳಿಯುವುದಿಲ್ಲ. ಅಷ್ಟೇ. ಆ ಅಪ್ಪನಾಗಿ ಪ್ರೇಮ್‌ಜಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 1989ರಲ್ಲಿ ಫ್ರಾನ್ಸಿನ ಚಿತ್ರೋತ್ಸವವಾದ ಕಾನ್‌ನಲ್ಲೂ ಚಿತ್ರಕ್ಕೆ ಮನ್ನಣೆ ಸಿಕ್ಕಿತು.

ಭಯದ ಒಳಗಿಂದಲೇ ಮಾಡಿದ ಸಿನಿಮಾ ಹೇಗಿರುತ್ತೆ ಅಂತ ಕುತೂಹಲ ಇದ್ರೆ ‘ಕಬನಿ’. ಮನೆಯವರ ಜೊತೆ ಕೂತು ನೋಡೋದಾದ್ರೆ ‘ಪಿರವಿ’. ನನ್ನ ಓಟು ‘ಪಿರವಿ’ಗೆ, ಆದರೆ ನಿಧಾನ ಜಾಸ್ತಿ. ಮೊಬೈಲ್ ಪಕ್ಕಕ್ಕಿಡಿ.