ಫ್ರೀರೆನ್ನಾ, ಮಾವೊಮಾವೊನಾ? ಆರು ತಿಂಗಳು, ನಾಲ್ಕು ಅನಿಮೆ, 101 ಕಂತು

2023ರ ಅಕ್ಟೋಬರ್ ಸುಮಾರಿಗೆ ಶುರುವಾಗಿ 2024ರ ಮಾರ್ಚ್ ಕೊನೆಯಲ್ಲಿ ಮುಗಿದ ನಾಲ್ಕು ಅನಿಮೆಗಳನ್ನು, ಅಂದರೆ ಜಪಾನಿನ ಅನಿಮೇಷನ್ ಧಾರಾವಾಹಿಗಳನ್ನು, ಒಟ್ಟೊಟ್ಟಿಗೆ ನೋಡಿದೆ. ಫ್ರೀರೆನ್ 28 ಕಂತು, ಅಪಾಥೆಕರಿ ಡೈರೀಸ್ 24, ಶಾಂಗ್ರಿ-ಲಾ ಫ್ರಾಂಟಿಯರ್ 25, ಅನ್‌ಡೆಡ್ ಅನ್‌ಲಕ್ 24. ಒಟ್ಟು 101. ಆಫೀಸಿನ ಕೆಲಸದ ನಡುವೆ ಇಷ್ಟಕ್ಕೆಲ್ಲ ಟೈಮ್ ಎಲ್ಲಿತ್ತು ಅಂತ ಕೇಳಬೇಡಿ, ಅಮ್ಮ ಆಗಲೇ ಕೇಳಿ ಆಗಿದೆ.

ಗೆಳೆಯರು ಕೇಳುವುದು ಒಂದೇ. "ನಾಲ್ಕೂ ನೋಡೋಕಾಗಲ್ಲ, ಯಾವುದಾದರೂ ಒಂದು ಹೇಳು." ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವುದು ನನಗೆ ಬರಲ್ಲ. ನನ್ನ ಅಳತೆ ಬೇರೆ. ಕಂತು ಬಂದ ದಿನವೇ ನೋಡಿದೆನಾ, ಇಲ್ಲ ಬಾಕಿ ಉಳಿಸಿಕೊಂಡೆನಾ? ಎಲ್ಲ ಮುಗಿದ ಮೇಲೆ ಮತ್ತೆ ಒಂದನೇ ಕಂತಿಗೆ ಹೋದೆನಾ? ಈ ಎರಡು ಪ್ರಶ್ನೆಗೆ ಉತ್ತರ ಬರೆದುಕೊಂಡಾಗ ನನಗೇ ಸ್ವಲ್ಪ ಆಶ್ಚರ್ಯ ಆಯಿತು. ಮುಂದೆ ಕಥೆಯ ಗುಟ್ಟುಗಳು ಬರುತ್ತವೆ, ಕೊನೆಯ ಕಂತಿನದ್ದೂ ಬರುತ್ತದೆ. ನೋಡದವರು ಇಲ್ಲೇ ನಿಲ್ಲಿಸಿದರೂ ಬೇಜಾರಿಲ್ಲ.

ಫ್ರೀರೆನ್‌ನಿಂದಲೇ ಶುರು ಮಾಡೋಣ, ಯಾಕೆಂದರೆ ಎಲ್ಲರೂ ಕಣ್ಣು ಮುಚ್ಚಿ ಹೇಳುವ ಹೆಸರು ಅದೇ. ಜಪಾನಿನಲ್ಲಿ ಸೆಪ್ಟೆಂಬರ್ 29ರಂದು ಮೊದಲ ನಾಲ್ಕು ಕಂತುಗಳನ್ನು ಸೇರಿಸಿ ಎರಡು ಗಂಟೆಯ ಸಿನಿಮಾದ ಹಾಗೆ ಹಾಕಿದರು, ಅದೂ ನಿಪ್ಪಾನ್ ಟಿವಿ ಶುಕ್ರವಾರ ರಾತ್ರಿ ಸಿನಿಮಾ ಹಾಕುವ ಹೊತ್ತಿನಲ್ಲಿ. ಅಷ್ಟು ಧೈರ್ಯ ಯಾಕೆ ಬಂತು ಅಂತ ನೋಡಿದ ಮೇಲೆ ಗೊತ್ತಾಯಿತು. ಸಾಮಾನ್ಯ ಕಥೆ ಎಲ್ಲಿ ಮುಗಿಯುತ್ತದೋ ಇದು ಅಲ್ಲಿಂದ ಶುರುವಾಗುತ್ತದೆ. ರಾಕ್ಷಸರ ರಾಜನನ್ನು ಕೊಂದು ವೀರರು ಊರಿಗೆ ವಾಪಸ್ ಬಂದಾಗಿದೆ, ಹತ್ತು ವರ್ಷದ ಪ್ರಯಾಣ ಮುಗಿದಾಗಿದೆ. ಆ ತಂಡದ ಮಂತ್ರವಾದಿನಿ, ಸಾವಿರ ವರ್ಷಕ್ಕೂ ಹೆಚ್ಚು ಬದುಕಿರುವ ಫ್ರೀರೆನ್‌ಗೆ ಆ ಹತ್ತು ವರ್ಷ ಏನೂ ಅಲ್ಲ. "ಐವತ್ತು ವರ್ಷ ಬಿಟ್ಟು ಉಲ್ಕೆ ನೋಡೋಣ" ಅಂತ, ಮುಂದಿನ ವಾರ ಸಿಗೋಣ ಅನ್ನುವ ಹಾಗೆ ಹೇಳಿ ಹೋಗುತ್ತಾಳೆ. ವಾಪಸ್ ಬಂದಾಗ ತಂಡದ ನಾಯಕ ಹಿಮ್ಮೆಲ್ ತಲೆ ಬೋಳಾದ ಮುದುಕ. ಸ್ವಲ್ಪ ದಿನಕ್ಕೆ ತೀರಿಕೊಳ್ಳುತ್ತಾನೆ. ಅಂತ್ಯಕ್ರಿಯೆಯಲ್ಲಿ ನಿಂತು ಅವಳು, ಇವನನ್ನು ಇನ್ನೂ ಸ್ವಲ್ಪ ಯಾಕೆ ತಿಳಿದುಕೊಳ್ಳಲಿಲ್ಲ ಅಂತ ಅಳುತ್ತಾಳೆ. ಮೊದಲ ಕಂತಿಗೇ ಇಷ್ಟು!

ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾದದ್ದು ಮೂರನೇ ಕಂತು. ಕ್ವಾಲ್ ಅಂತ ಒಬ್ಬ ರಾಕ್ಷಸ, ಅವನು ಕಂಡುಹಿಡಿದ ಕೊಲ್ಲುವ ಮಂತ್ರಕ್ಕೆ ಒಂದು ಕಾಲದಲ್ಲಿ ತಡೆಯೇ ಇರಲಿಲ್ಲ. ಕೊಲ್ಲಲಾಗದೆ ಅವನನ್ನು ಬಂಧಿಸಿ ಇಟ್ಟಿದ್ದರು. 80 ವರ್ಷ ಬಿಟ್ಟು ಎದ್ದು ಅದೇ ಮಂತ್ರ ಬಿಡುತ್ತಾನೆ, ಫ್ರೀರೆನ್‌ನ ಶಿಷ್ಯೆ, ಹುಡುಗಿ ಫೆರ್ನ್ ಅದನ್ನು ತಡೆದು ನಿಲ್ಲುತ್ತಾಳೆ. ಯಾಕೆಂದರೆ ಈ 80 ವರ್ಷದಲ್ಲಿ ಮನುಷ್ಯರು ಆ ಮಂತ್ರವನ್ನು ಕೂತು ಓದಿ, ಬಿಡಿಸಿ, ಎಲ್ಲರಿಗೂ ಕಲಿಸಿ, ಸಾಧಾರಣ ಮಂತ್ರ ಮಾಡಿಬಿಟ್ಟಿದ್ದಾರೆ. ಕಾಲ ಕಳೆಯಿತು ಅನ್ನುವುದನ್ನು ಕಣ್ಣೀರಿಲ್ಲದೆ ಹೀಗೂ ತೋರಿಸಬಹುದಲ್ವಾ. ಅವತ್ತೇ ಇದು ಬೇರೆ ಜಾತಿಯ ಕಥೆ ಅನ್ನಿಸಿತು.

ಹತ್ತನೇ ಕಂತಿನಲ್ಲಿ ರಾಕ್ಷಸಿ ಔರಾ ಮಂತ್ರಶಕ್ತಿ ತೂಗುವ ತಕ್ಕಡಿ ಬರುತ್ತದೆ, ಹದಿನಾಲ್ಕರಲ್ಲಿ ಹಿಮ್ಮೆಲ್ ಮಂಡಿಯೂರಿ ತಾವರೆ ಕೆತ್ತಿದ ಉಂಗುರ ತೊಡಿಸುವ ನೆನಪು ಬರುತ್ತದೆ, ಆ ಹೂವಿನ ಅರ್ಥ ಏನೆಂದು ಪಾಪ ಫ್ರೀರೆನ್‌ಗೆ ಗೊತ್ತೇ ಇಲ್ಲ. ಅಲ್ಲಿವರೆಗೆ ಒಂದು ಶುಕ್ರವಾರವೂ ಬಾಕಿ ಬೀಳಲಿಲ್ಲ. ಆಮೇಲೆ 18ನೇ ಕಂತಿನಿಂದ ಮಂತ್ರವಾದಿಗಳ ಪರೀಕ್ಷೆ. ಕೊನೆಯ ತನಕ ಅದೇ, 11 ಕಂತು.

ಇಲ್ಲಿ ನನ್ನ ಮೇಲೆ ಕೆಲವರು ಸಿಟ್ಟಾಗಬಹುದು. ಪರೀಕ್ಷೆ ಚೆನ್ನಾಗಿಲ್ಲ ಅಂತ ಅಲ್ಲ. 26ನೇ ಕಂತಿನಲ್ಲಿ ಫ್ರೀರೆನ್ ತನ್ನದೇ ನಕಲಿನ ಜೊತೆ ಹೋರಾಡುವುದನ್ನು ಮ್ಯಾಡ್‌ಹೌಸ್ ಸ್ಟುಡಿಯೋದವರು ಚಿತ್ರಿಸಿರುವ ರೀತಿ ನೋಡಿ ಬಾಯಿ ತೆರೆದುಕೊಂಡೇ ಕೂತಿದ್ದೆ. ಆದರೆ ಪರೀಕ್ಷೆ, ತಂಡ, ಒಬ್ಬೊಬ್ಬರ ಶಕ್ತಿ, ಯಾರು ಗೆದ್ದರು ಯಾರು ಬಿದ್ದರು, ಇದೆಲ್ಲ ಹತ್ತು ಅನಿಮೆಗಳಲ್ಲಿ ನೋಡಿದ್ದೇ. ಹೊಸಬರ ಒಂದು ದಂಡೇ ಬರುತ್ತದೆ, ಎಲ್ಲರದೂ ಜರ್ಮನ್ ಹೆಸರು, ನಾನು ಅರ್ಧ ಜನರನ್ನು ಕೂದಲಿನ ಬಣ್ಣದ ಮೇಲೆ ಗುರುತು ಇಟ್ಟುಕೊಂಡಿದ್ದೆ. ಫೆಬ್ರವರಿಯಲ್ಲಿ ಮೂರು ಕಂತು ಬಾಕಿ ಬಿದ್ದವು. ಕೊನೆಗೆ ಕೈ ಹಿಡಿದದ್ದು ಫೆರ್ನ್. ಪರೀಕ್ಷೆ ಪಾಸಾದವರು ಯಾವ ಮಂತ್ರ ಬೇಕಾದರೂ ಕೇಳಬಹುದು ಅಂದಾಗ, ಲೋಕದ ದೊಡ್ಡ ಮಂತ್ರಗಳನ್ನೆಲ್ಲ ಬಿಟ್ಟು, ಬಟ್ಟೆ ಚೆನ್ನಾಗಿ ಕೊಳೆ ಬಿಡುವ ಮಂತ್ರ ಕೇಳುತ್ತಾಳೆ. ನಾನು ಹಳೆಯ ಫ್ರೀರೆನ್ ವಾಪಸ್ ಬಂತು ಅಂತ ಜೋರಾಗಿ ನಕ್ಕೆ. (ಆ ಮಂತ್ರ ನನಗೂ ಬೇಕು.)

ಈಗ ಅಪಾಥೆಕರಿ. ಮಾವೊಮಾವೊ ಹದಿನೇಳರ ಹುಡುಗಿ, ವೇಶ್ಯೆಯರ ಬೀದಿಯಲ್ಲಿ ಬೆಳೆದವಳು, ಔಷಧಿ ಕೆಲಸ ಗೊತ್ತು. ಯಾರೋ ಹಿಡಿದು ರಾಜನ ರಾಣಿವಾಸಕ್ಕೆ ಕೆಲಸದವಳಾಗಿ ಮಾರುತ್ತಾರೆ. ನಾಡು ಕಲ್ಪನೆಯದ್ದು, ಹಳೆಯ ಚೀನಾದ ಹಾಗಿದೆ. ಅಲ್ಲಿ ರಾಜನ ಮಕ್ಕಳು ಹುಟ್ಟಿ ಹುಟ್ಟಿ ಸಾಯುತ್ತಿವೆ, ಎಲ್ಲರೂ ಶಾಪ ಅನ್ನುತ್ತಿದ್ದಾರೆ. ಇವಳು ನೋಡಿದರೆ ಮುಖಕ್ಕೆ ಹಚ್ಚುವ ಬಿಳಿ ಪೌಡರಿನಲ್ಲಿ ಸೀಸ ಇದೆ. ಈ ಹುಡುಗಿಗೆ ವಿಷ ಅಂದರೆ ಹೋಳಿಗೆ ಇದ್ದ ಹಾಗೆ. ತನ್ನ ಕೈಗೇ ವಿಷ ಹಚ್ಚಿ ಪರೀಕ್ಷೆ ಮಾಡಿ ಮಾಡಿ ಗಾಯ ಮಾಡಿಕೊಂಡಿರುತ್ತಾಳೆ. ಇಂಥವಳ ಹಿಂದೆ ಜಿನ್ಶಿ ಅನ್ನುವ ಚೆಲುವ ಅಧಿಕಾರಿ ಸುತ್ತುತ್ತಾನೆ, ಇವಳು ಅವನನ್ನು ಹುಳ ನೋಡಿದ ಹಾಗೆ ನೋಡುತ್ತಾಳೆ. ಧ್ವನಿ ಕೊಟ್ಟಿರುವ ಅವೊಯಿ ಯೂಕಿಗೆ ಒಂದು ನಮಸ್ಕಾರ. ಒಂದೇ ವಾಕ್ಯದಲ್ಲಿ ಗೊಣಗಾಟದಿಂದ ಹುಚ್ಚು ಖುಷಿಗೆ ಜಿಗಿಯುತ್ತಾರೆ.

ಇದನ್ನು ನಾನು ಅಮ್ಮನ ಜೊತೆ ನೋಡಿದೆ. ಅಂದರೆ ಅಮ್ಮ ಬೀನ್ಸ್ ನಾರು ತೆಗೆಯುತ್ತಾ ಪಕ್ಕದಲ್ಲಿ ಕೂತಿದ್ದರು, ನಾನು ಇಂಗ್ಲಿಷ್ ಅಡಿಬರಹ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಎರಡು ಕಂತು ಆಗುವಷ್ಟರಲ್ಲಿ ಬೀನ್ಸ್ ಪಕ್ಕಕ್ಕೆ ಹೋಯಿತು. ಒಂದು ಕಂತಿನಲ್ಲಿ ಹಳೆಯ ರಾಜಕುಮಾರ ಶಿಶು ಸತ್ತದ್ದು ಯಾಕೆ ಅಂತ ಬಯಲಾಗುತ್ತದೆ: ನಿಷ್ಠೆಯ ದಾಸಿ ಒಬ್ಬಳು ಪ್ರೀತಿಯಿಂದ ಜೇನುತುಪ್ಪ ತಿನ್ನಿಸಿದ್ದಳು. ಅಮ್ಮ ಸುಮ್ಮನಾದರು. ಆಮೇಲೆ ಮೆಲ್ಲಗೆ, "ನಿನಗೂ ನಿಮ್ಮಜ್ಜಿ ಹುಟ್ಟಿದ ದಿನವೇ ನೆಕ್ಕಿಸಿದ್ದರು ಕಣೋ" ಅಂದರು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದು ಶಾಸ್ತ್ರವೇ ಅಲ್ವಾ! ಒಂದು ವರ್ಷ ತುಂಬದ ಮಗುವಿಗೆ ಜೇನು ಬೇಡ ಅಂತ ಡಾಕ್ಟರುಗಳು ಈಗ ಹೇಳುತ್ತಾರೆ, ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತದೆ. ಒಂದು ಅನಿಮೆ ನೋಡಿ ಅಮ್ಮ ಅತ್ತಿಗೆಗೆ ಫೋನ್ ಮಾಡಿ ಇದನ್ನು ಹೇಳಿದರು ಅಂದರೆ ನಂಬಿ.

ಅದೇ ಅಮ್ಮನಿಗೆ ಫ್ರೀರೆನ್ ತೋರಿಸಿದೆ. ಹತ್ತು ನಿಮಿಷ ನೋಡಿ, "ಇದರಲ್ಲಿ ಯಾರೂ ಸರಿಯಾಗಿ ಮಾತೇ ಆಡಲ್ವಲ್ಲೋ" ಅಂತ ಎದ್ದು ಹೋದರು. ತಪ್ಪೇನೂ ಹೇಳಲಿಲ್ಲ. ಫ್ರೀರೆನ್‌ನಲ್ಲಿ ಅರ್ಧ ವಿಷಯ ಮಾತಿನ ನಡುವಿನ ಮೌನದಲ್ಲಿ ಇದೆ, ಅಡಿಬರಹ ಓದಿ ಹೇಳುವುದಕ್ಕೆ ಅಲ್ಲಿ ಏನೂ ಸಿಗಲ್ಲ. ಅಪಾಥೆಕರಿಯಲ್ಲಿ ಪ್ರತಿ ಹತ್ತು ನಿಮಿಷಕ್ಕೆ ಒಂದು ಒಗಟು, ಒಂದು ಜಗಳ, ಒಂದು ಗುಟ್ಟು. ಒಬ್ಬರೇ ರಾತ್ರಿ ದೀಪ ಆರಿಸಿಕೊಂಡು ನೋಡಲು ಮೊದಲನೆಯದು, ಮನೆಯವರ ಜೊತೆ ನೋಡಲು ಎರಡನೆಯದು. ಮಕ್ಕಳ ಜೊತೆ ಮಾತ್ರ ಯೋಚಿಸಿ ಹಾಕಿ, ವೇಶ್ಯಾಗೃಹ, ಗುಹ್ಯರೋಗ ಎಲ್ಲ ಬರುತ್ತದೆ.

ಆದರೆ ಅಪಾಥೆಕರಿಯ ನಿಜವಾದ ಕೆಲಸ ಗೊತ್ತಾಗುವುದು ಎರಡನೇ ಅರ್ಧದಲ್ಲಿ. ಗೋದಾಮಿನಲ್ಲಿ ಹಿಟ್ಟಿನ ಧೂಳಿಗೆ ಬೆಂಕಿ ತಗುಲಿ ಸಿಡಿಯುವುದು, ಲೋಹದ ಕೆಲಸದವನು ಮೂರು ಮಕ್ಕಳಿಗೆ ಒಗಟಿನ ಆಸ್ತಿ ಬಿಟ್ಟು ಹೋಗುವುದು, ಒಬ್ಬ ಅಧಿಕಾರಿ ಊಟದಲ್ಲಿ ವಿಷ ಸೇರಿ ಮಲಗುವುದು. ಇವೆಲ್ಲ ಬಿಡಿ ಬಿಡಿ ಕೇಸು ಅಂದುಕೊಂಡು ನಾನು ಆರಾಮಾಗಿ ನೋಡುತ್ತಿದ್ದೆ. ಕೊನೆಗೆ ನೋಡಿದರೆ ಎಲ್ಲವೂ ಒಂದೇ ಸಂಚಿನ ತುಂಡುಗಳು! ಸ್ವಲ್ಪ ಬಿಸಿಗೇ ಕರಗುವ ಲೋಹದ ಗುಟ್ಟು ಆ ಲೋಹದ ಕೆಲಸದವನದ್ದು, ಅದು ಕರಗಿದರೆ ಪೂಜೆಯ ಜಾಗದಲ್ಲಿ ತಲೆಯ ಮೇಲಿನ ತೊಲೆ ಬೀಳುತ್ತದೆ, ಕೆಳಗೆ ನಿಂತಿರುವವನು ಜಿನ್ಶಿ. ಸಂಚಿನ ಹೆಂಗಸು ಸತ್ತ ಹಾಗೆ ನಟಿಸಿ ತಪ್ಪಿಸಿಕೊಳ್ಳುವುದಕ್ಕೆ ತಿಂದ ಔಷಧಿಯಲ್ಲಿ ದತ್ತೂರಿ ಇದೆ, ನಮ್ಮ ಊರಿನ ಬೇಲಿ ಪಕ್ಕದ ಅದೇ ಉಮ್ಮತ್ತದ ಜಾತಿ. ಇದೆಲ್ಲ ಗೊತ್ತಾದ ಮೇಲೆ ನಾನು ಹಿಂದಕ್ಕೆ ಹೋಗಿ ಐದಾರು ಕಂತು ಮತ್ತೆ ನೋಡಿದೆ, ಸುಳಿವುಗಳನ್ನೆಲ್ಲ ಕಣ್ಣೆದುರೇ ಇಟ್ಟಿದ್ದರು.

ಕೊನೆಯ ಕಂತುಗಳಲ್ಲಿ ಮಾವೊಮಾವೊಳ ಅಪ್ಪ ಲಾಕಾನ್‌ನ ಕಥೆ ಬರುತ್ತದೆ. ಅಲ್ಲಿವರೆಗೆ ಅವನನ್ನು ಕಂಡರೆ ಮೈ ಉರಿಯುತ್ತಿತ್ತು. ಅವನಿಗೆ ಮನುಷ್ಯರ ಮುಖ ಗುರುತಾಗುವುದಿಲ್ಲ, ಎಲ್ಲರೂ ಆಟದ ಕಾಯಿಗಳ ಹಾಗೆ ಕಾಣುತ್ತಾರೆ. ಆದರೆ ಒಬ್ಬಳ ಮುಖ ಕಾಣುತ್ತಿತ್ತು, ಮಾವೊಮಾವೊಳ ಹೆತ್ತ ತಾಯಿಯದು. ರೋಗದಿಂದ ಹಾಳಾಗಿ, ಮೂಗು ಹೋಗಿ, ಹಿಂದಿನ ಕೋಣೆಯಲ್ಲಿ ಬಿದ್ದಿರುವ ಅವಳನ್ನು ಅವನು ಹಣ ಕೊಟ್ಟು ಬಿಡಿಸಿಕೊಂಡು ಹೋಗುತ್ತಾನೆ. ಅವನ ಕಣ್ಣಿಗೆ ಅವಳು ಅದೇ ಹಳೆಯ ಚೆಲುವೆ. ಮಾವೊಮಾವೊ ಕೋಟೆಯ ಗೋಡೆ ಹತ್ತಿ ಅವರಿಗಾಗಿ ಕುಣಿಯುತ್ತಾಳೆ. ಫ್ರೀರೆನ್‌ನ 28 ಕಂತುಗಳಲ್ಲಿ ನಾನು ಮೂರು ಸಲ ಕಣ್ಣು ಒರೆಸಿಕೊಂಡಿದ್ದೆ, ಇಲ್ಲಿ ಒಂದೇ ಸಲ, ಆದರೆ ಆ ಒಂದು ಸಲ ಎದ್ದು ಹೋಗಿ ನೀರು ಕುಡಿದು ಬರಬೇಕಾಯಿತು.

ಕೊರತೆ ಇಲ್ಲವಾ? ಇದೆ. ಜಿನ್ಶಿ ಮುಖ ಊದಿಸಿಕೊಳ್ಳುವ ಜೋಕು ಇಪ್ಪತ್ತು ಸಲ ಬರುತ್ತದೆ. ಚಿತ್ರದಲ್ಲಿ ಫ್ರೀರೆನ್‌ನ ಹತ್ತಿರಕ್ಕೂ ಬರಲ್ಲ ಅನ್ನಿಸುವ ಕಂತುಗಳು ಇವೆ, ಮುಖಗಳು ಮಾತ್ರ ಮಾತಾಡುತ್ತಾ ನಿಂತಿರುತ್ತವೆ. ಇವಾನ್ ಕಾಲ್ ಫ್ರೀರೆನ್‌ಗೆ ಕೊಟ್ಟಿರುವ ಸಂಗೀತದ ಎದುರು ಇಲ್ಲಿನ ಸಂಗೀತ ನನಗೆ ಈಗ ನೆನಪೂ ಇಲ್ಲ. ಆದರೂ ಬಾಕಿ ಬಿದ್ದ ಕಂತು ಎಷ್ಟು ಅಂದರೆ ಸೊನ್ನೆ. ಮತ್ತೆ ಒಂದನೇ ಕಂತಿಗೆ ಹೋದದ್ದು ಕೂಡ ಇದಕ್ಕೇ.

ಶಾಂಗ್ರಿ-ಲಾ ಫ್ರಾಂಟಿಯರ್ ಬಗ್ಗೆ ಹೇಳುವುದು ಕಡಿಮೆ, ಖುಷಿ ಪಟ್ಟದ್ದು ಜಾಸ್ತಿ. ಸುನ್‌ರಾಕು ಅನ್ನುವ ಹುಡುಗನಿಗೆ ಕೆಟ್ಟ ಗೇಮುಗಳು ಅಂದರೆ ಪ್ರಾಣ, ಗೋಡೆಯೊಳಗೆ ಸಿಕ್ಕಿಹಾಕಿಕೊಳ್ಳುವಂಥ ಗೇಮುಗಳು. ಅಂಥವನು ಮೂರು ಕೋಟಿ ಜನ ಆಡುವ ಒಂದು ಒಳ್ಳೆಯ ಗೇಮಿಗೆ ಬರುತ್ತಾನೆ. ಹಕ್ಕಿ ಮುಖವಾಡ, ಮೈಮೇಲೆ ಬಟ್ಟೆ ಇಲ್ಲ, ಆಮೇಲೆ ಒಂದು ಕರಿ ತೋಳ ಕೊಟ್ಟ ಶಾಪದಿಂದ ಬಟ್ಟೆ ಹಾಕೋಣ ಅಂದರೂ ಆಗಲ್ಲ. ಗೇಮಿನೊಳಗೆ ಯಾರೂ ಸಿಕ್ಕಿಬಿದ್ದಿಲ್ಲ, ಸತ್ತರೆ ನಿಜವಾಗಿ ಸಾಯುವುದೂ ಇಲ್ಲ. ಬೇಜಾರಾದರೆ ಲಾಗ್ ಔಟ್ ಮಾಡಿ ಊಟಕ್ಕೆ ಹೋಗುತ್ತಾನೆ. ಪಣಕ್ಕೆ ಏನೂ ಇಲ್ಲದ ಕಥೆ ಹಿಡಿದಿಡುತ್ತದಾ ಅಂತ ಅನುಮಾನ ಇತ್ತು. ಗೇಮಿನ ದೊಡ್ಡ ಎದುರಾಳಿ (ಬಾಸ್) ವೆದರ್‌ಮನ್ ವಿರುದ್ಧ ಮೂವರು ಗೆಳೆಯರು ಹೋರಾಡುವ ಕಂತುಗಳು ಬಂದಾಗ ಅನುಮಾನ ಹೋಯಿತು. ನಾವು ರಾತ್ರಿ ಮೂರರ ತನಕ ಒಂದು ಬಾಸ್‌ಗೆ ಹತ್ತು ಸಲ ಸೋತು ಹನ್ನೊಂದನೇ ಸಲ ಗೆದ್ದಾಗ ಕಿರುಚಿರುತ್ತೇವಲ್ಲ, ಅದೇ ಖುಷಿ. ಭಾನುವಾರ ಮಧ್ಯಾಹ್ನದ ಊಟ ಆದಮೇಲೆ ನೋಡಲು ಇದಕ್ಕಿಂತ ಒಳ್ಳೆಯದು ಸಿಗಲಿಲ್ಲ, ಬಾಕಿ ಬಿದ್ದದ್ದು ಒಂದೋ ಎರಡೋ. ವೆದರ್‌ಮನ್ ಮುಗಿದ ಮೇಲೆ ಸ್ವಲ್ಪ ಸಪ್ಪೆ, ಕೊನೆಯ ಕಂತು ಕೊನೆಯ ಹಾಗೇ ಇಲ್ಲ, ನಡುದಾರಿಯಲ್ಲಿ ಬಸ್ಸು ನಿಲ್ಲಿಸಿದ ಹಾಗೆ. ಮುಂದಿನ ಭಾಗ 2024ರ ಅಕ್ಟೋಬರ್‌ನಲ್ಲಿ ಬಂತು.

ಅನ್‌ಡೆಡ್ ಅನ್‌ಲಕ್‌ಗೆ ನನ್ನಿಂದ ಸ್ವಲ್ಪ ಅನ್ಯಾಯ ಆಗಿದೆ, ಒಪ್ಪಿಕೊಳ್ಳುತ್ತೇನೆ. ಇದು ಬರುತ್ತಿದ್ದದ್ದೂ ಶುಕ್ರವಾರ ರಾತ್ರಿಯೇ. ಫ್ರೀರೆನ್‌ನ ಆ ಮೌನ ಮುಗಿಸಿ ಇದನ್ನು ಹಾಕಿದರೆ ಯಾರೋ ಕಿವಿಯಲ್ಲಿ ತಮಟೆ ಬಾರಿಸಿದ ಹಾಗೆ. ಮುಟ್ಟಿದವರಿಗೆ ದುರದೃಷ್ಟ ತರುವ ಹುಡುಗಿ ಫೂಕೊ, ಸಾಯಬೇಕು ಅಂದರೂ ಸಾಯಲಾಗದ ಆಂಡಿ. ಅವಳಿಗೆ ಪ್ರೀತಿ ಹೆಚ್ಚಾದಷ್ಟೂ ದುರದೃಷ್ಟ ದೊಡ್ಡದಾಗುತ್ತದೆ, ಹಾಗಾಗಿ ಇವನು ಚೆನ್ನಾಗಿ ಸಾಯಬೇಕು ಅಂದರೆ ಅವಳು ಇವನನ್ನು ಪ್ರೀತಿಸಬೇಕು. ಎಂಥ ಐಡಿಯಾ ನೋಡಿ! ಆದರೆ ಮೊದಲ ಕಂತುಗಳಲ್ಲಿ ಆಂಡಿ ಅವಳ ಮೈಮುಟ್ಟುವ ರೀತಿ ನೋಡಿ ನನ್ನ ತಂಗಿ ಅಲ್ಲೇ ಕೈಬಿಟ್ಟಳು, ನಾನು ಅವಳನ್ನು ತಡೆಯಲಿಲ್ಲ. ಮೇಲಿಂದ ಹಿಂದಿನ ವಾರದ್ದನ್ನೇ ಮತ್ತೆ ಮತ್ತೆ ತೋರಿಸುವ ಚಾಳಿ. ಏಳು ಕಂತು ಬಾಕಿ ಬಿದ್ದು, ಮಾರ್ಚ್‌ನಲ್ಲಿ ಎರಡು ರಾತ್ರಿ ಕೂತು ಮುಗಿಸಿದೆ.

ಆ ಎರಡು ರಾತ್ರಿಯಲ್ಲಿ ಗೊತ್ತಾದದ್ದು, ಇದು ವಾರಕ್ಕೊಂದು ನೋಡುವುದಲ್ಲ, ಒಟ್ಟಿಗೆ ನೋಡುವುದು. ಇಲ್ಲಿ ಆಂಡಿಯ ತಂಡ ತನಗೆ ಕೊಟ್ಟ ಕೆಲಸದಲ್ಲಿ ಸೋತರೆ ಲೋಕಕ್ಕೇ ಒಂದು ಹೊಸ ನಿಯಮ ಸೇರುತ್ತದೆ. ಒಂದು ಸಲ ಸೋತಾಗ ಸೇರುವುದು ನಕ್ಷತ್ರಗಳ ಲೋಕ. ಅಂದರೆ ಅಲ್ಲಿವರೆಗೆ ಇವರ ಆಕಾಶದಲ್ಲಿ ನಕ್ಷತ್ರವೇ ಇರಲಿಲ್ಲ! ಸೇರಿದ ಮೇಲೆ ಊರಿನ ಜನಕ್ಕೆ ಅದು ಮೊದಲಿಂದಲೂ ಇದ್ದ ಹಾಗೇ ಅನ್ನಿಸುತ್ತದೆ. ಸಾಗುತ್ತಾ ಸಾಗುತ್ತಾ ಆಂಡಿ ಕೂಡ ಮನುಷ್ಯನಾಗುತ್ತಾನೆ. ಐಡಿಯಾದ ಲೆಕ್ಕದಲ್ಲಿ ನಾಲ್ಕರಲ್ಲಿ ಇದೇ ಮೊದಲು, ಹೇಳಿದ ರೀತಿಯಲ್ಲಿ ಕೊನೆ.

ಹಾಗಾದರೆ ಒಂದೇ ಒಂದು ಅಂದರೆ? ನಾನು ಅಪಾಥೆಕರಿ ಅನ್ನುತ್ತೇನೆ. ಫ್ರೀರೆನ್‌ನ ಮೊದಲ 17 ಕಂತನ್ನು ಮಾತ್ರ ಬೇರೆ ಮಾಡಿ ಇಟ್ಟರೆ ಅದೇ ಮೇಲೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆರಂಭದಿಂದ ಕೊನೆಯವರೆಗೆ ಕೈ ಬಿಡದೆ ಕರೆದುಕೊಂಡು ಹೋದದ್ದು ಮಾವೊಮಾವೊ. ಗೇಮ್ ಹುಚ್ಚಿನವರಾಗಿದ್ದರೆ ಈ ಮಾತು ಬಿಟ್ಟು ಸೀದಾ ಶಾಂಗ್ರಿ-ಲಾ ಹಾಕಿ. ಅನ್‌ಡೆಡ್ ಅನ್‌ಲಕ್ ಅನ್ನು ಎರಡು ದಿನ ರಜೆ ಸಿಕ್ಕಾಗ, ಮೊದಲ ಮೂರು ಕಂತು ಹಲ್ಲು ಕಚ್ಚಿ ಸಹಿಸಿಕೊಂಡು ನೋಡಿ.

ತಂಗಿ ಇದನ್ನು ಓದಿ ಜಗಳ ತೆಗೆದಿದ್ದಾಳೆ, ಅವಳಿಗೆ ಪರೀಕ್ಷೆಯ ಭಾಗವೇ ಇಷ್ಟವಂತೆ. ಅಮ್ಮನಿಗೆ ಅದ್ಯಾವುದೂ ಬೇಡ. ಆ ಔಷಧಿ ಹುಡುಗಿಯದ್ದು ಮುಂದಿನ ಭಾಗ 2025ಕ್ಕೆ ಅಂತ ಹೇಳಿದ್ದಕ್ಕೆ, "ಅಲ್ಲಿವರೆಗೆ ಏನೋ ಮಾಡೋದು" ಅಂತ ನನ್ನನ್ನೇ ಬೈದರು.